ನೀಗಾತಾದ ನಾಲ್ಕು ತಟ್ಟೆಗಳು

ಜಪಾನಿಗೆ ಹೋಗಿ ಬಂದವಳು ಎಂದು ತಿಳಿದ ಕೂಡಲೇ ಜನ ನನ್ನನ್ನು ಹಿಮದ ಬೆಟ್ಟದ ಬಗ್ಗೆ ಕೇಳುತ್ತಾರೆ, ಚೆರ್ರಿ ಹೂವಿನ ಬಗ್ಗೆ ಕೇಳುತ್ತಾರೆ. ಎರಡನ್ನೂ ರೈಲಿನ ಕಿಟಕಿಯಿಂದ ಅರೆಬರೆ ಕಂಡವಳು ನಾನು. ಮೂರು ತಿಂಗಳು ಕಣ್ಣಿಟ್ಟು ನೋಡಿದ್ದು ಒಂದು ಪೆಟ್ಟಿಗೆಯ ಒಳಭಾಗವನ್ನು. ಸಣ್ಣ ಅಲಮಾರಿಯಷ್ಟು ದೊಡ್ಡದು, ಯಾವಾಗಲೂ ಮನುಷ್ಯರ ಮೈಯಷ್ಟೇ ಬೆಚ್ಚಗೆ ಇರುವಂಥದ್ದು. ಅದರೊಳಗೆ ನಾಲ್ಕು ತಟ್ಟೆ. ಆ ತಟ್ಟೆಗಳ ಮೇಲೆ ಒಬ್ಬ ಹುಡುಗಿಯ ಐದು ವರ್ಷದ ಓದು ನಿಂತಿತ್ತು. ಆಕೆ ಅವನ್ನು ನನ್ನ ಕೈಗೆ ಬಿಟ್ಟು ಊರಿಗೆ ಹೋಗಿದ್ದಳು. ಜಪಾನಿನ ಬಗ್ಗೆ ಹೇಳುವುದಾದರೆ ನಾನು ಅದನ್ನೇ ಹೇಳಬೇಕು.

ಯಾದಗಿರಿ ಸ್ಟೇಷನ್

ನಾನು ಶಹಾಪುರದ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಕಲಿಸುವವಳು. ಹುಟ್ಟಿದ್ದು ದೋರನಹಳ್ಳಿ ಕಡೆಯ ಕುರಿಗಾರರ ಮನೆಯಲ್ಲಿ, ಬೆಳೆದದ್ದು ಅಜ್ಜ ಅಜ್ಜಿಯರ ನಡುವೆ. ನಮ್ಮ ಕಡೆ ಅಜ್ಜನಿಗೆ ಮುತ್ಯಾ ಅನ್ನುತ್ತೇವೆ, ಅಜ್ಜಿಗೆ ಆಯಿ. ನನಗೆ ಮಾತು ಬಂದದ್ದೇ ಅವರಿಬ್ಬರಿಂದ. ಪುಸ್ತಕದ ಭಾಷೆ ಆಮೇಲೆ ಕಲಿತೆ. ಹೆದರಿಕೆಯಾದಾಗ ಬಾಯಿಗೆ ಬರುವುದು ಇವತ್ತಿಗೂ ಅವರ ಮಾತೇ. ಆಯಿ ಈಗಿಲ್ಲ.

ಮೂರು ತಿಂಗಳ ತರಬೇತಿಗೆ ಹೊರಟ ನನ್ನನ್ನು ಕಳಿಸಲು ಮುತ್ಯಾ ಹೆಗಲ ಮೇಲೆ ಕಂಬಳಿ ಹಾಕಿಕೊಂಡು ಸ್ಟೇಷನ್ನಿಗೆ ಬಂದಿದ್ದ. ಪ್ಲಾಟ್‌ಫಾರ್ಮಿನ ಕಲ್ಲುಬೆಂಚಿನ ಮೇಲೆ ಕುಳಿತು ಕೇಳಿದ:

“ಅಲ್ಲಿ ಹೋಗಿ ಏನ್ ಕಲೀತೀನಿ ಅಂದಿ? ಇನ್ನೊಮ್ಮಿ ಹೇಳು.”

“ಎಲುಬಿನೊಳಗ ಮಜ್ಜೆ ಇರ್ತದಲ್ಲ ಮುತ್ಯಾ, ಅದರಾಗ ಒಂದು ನಮೂನಿ ಜೀವಕೋಶ ಇರ್ತಾವ. ಅವನ್ನ ತಗೊಂಡು ಲಿವರಿನ ಜೀವಕೋಶ ಮಾಡ್ತಾರ.”

“ಅಂದ್ರ ನಳ್ಳಿ ಎಲುಬಿನಿಂದ ಕಲೀಜಿ ಮಾಡ್ತಾರ ಅನ್ನು.”

“ಹೌದು, ಹಂಗೇ.”

“ಅರವತ್ತು ವರ್ಷ ಕುರಿ ಕೊಯ್ದೀನಿ ನಾ. ನಳ್ಳಿ ಬ್ಯಾರೆ, ಕಲೀಜಿ ಬ್ಯಾರೆ. ಮಾಸ್ತರಿಣಿ ಆಗಿ ಹಿಂತಾ ಸುಳ್ಳು ಹೇಳಬಾರದು ಯವ್ವಾ.”

ಪಕ್ಕದಲ್ಲಿ ಕುಳಿತ ಸುರಪುರದ ಹೆಣ್ಣುಮಗಳೊಬ್ಬಳು ಸೆರಗಿನಲ್ಲಿ ನಕ್ಕಳು. ಮುತ್ಯಾ ನಗಲಿಲ್ಲ. ಕಂಬಳಿ ಮಡಿಸಿ ನನ್ನ ಚೀಲದ ಮೇಲೆ ಇಟ್ಟ. “ಚಳಿ ದೇಶ ಅಂತ. ಒಯ್ಯಿ.” ರೈಲು ಬರುವವರೆಗೂ ನಿಲ್ಲಲಿಲ್ಲ, ಅವತ್ತು ನಮ್ಮ ಹೊಲಕ್ಕೆ ನೀರಿನ ಪಾಳಿ.

ಆ ಪಾಳಿಯ ಮಾತನ್ನು ಇಲ್ಲೇ ಹೇಳಿಬಿಡಬೇಕು, ಯಾಕೆಂದರೆ ಮುಂದೆ ಆದದ್ದೆಲ್ಲ ಅದರಿಂದಲೇ. ನಮ್ಮ ಹೊಲ ಕಾಲುವೆಯ ಕಟ್ಟಕಡೆಗಿದೆ. ಮೇಲಿನ ಹೊಲಗಳೆಲ್ಲ ಕುಡಿದು ಬಿಟ್ಟದ್ದು ನಮ್ಮ ಪಾಲು. ಇಷ್ಟು ದಿನ ಚಾಲು, ಇಷ್ಟು ದಿನ ಬಂದ್ ಎಂದು ಕಾಗದದ ಮೇಲೆ ಇರುತ್ತದೆ. ಚಾಲು ಇದ್ದ ದಿನವೂ ನೀರು ನಮ್ಮ ತನಕ ಬಂದರೆ ಬಂತು. ಹಾಗಾಗಿ ಮುತ್ಯಾನದು ಒಂದೇ ಕಾಯಿದೆ: ಬಂದಾಗ ತುಂಬಿಕೋ. ಬದು ಮುಳುಗಿದರೂ ನೀರಿನ ಬಾಯಿ ಮುಚ್ಚಬೇಡ. ಆ ನೀರೆಲ್ಲ ಇಳಿದು ನಿಲ್ಲುವ ಹೊಲದ ಕೆಳಮೂಲೆ ವರ್ಷಗಳಿಂದ ಸವಳು ಹಿಡಿದು, ಉಪ್ಪು ಚೆಲ್ಲಿದಂತೆ ಬೆಳ್ಳಗಾಗಿದೆ. ಅಲ್ಲಿ ಹತ್ತಿ ಏಳುವುದಿಲ್ಲ. ಯಾರದೋ ಕಣ್ಣು ಬಿದ್ದಿದೆ ಎಂದು ಮುತ್ಯಾ ಅಲ್ಲಿ ಒಂದು ಹಳೆಯ ಚಪ್ಪಲಿ ಕಟ್ಟಿದ್ದಾನೆ. ಪ್ರಾಣಿಶಾಸ್ತ್ರ ಓದಿದ ನಾನೂ ಆ ಚಪ್ಪಲಿ ನೋಡುತ್ತಲೇ ದೊಡ್ಡವಳಾದೆ.

ನೀಗಾತಾ, ಮೊದಲ ವಾರಗಳು

ನೀಗಾತಾ ಸಮುದ್ರದ ಅಂಚಿನ ಊರು. ಸುತ್ತ ಎಲ್ಲಿ ನೋಡಿದರೂ ಭತ್ತದ ಗದ್ದೆ. ರೈಲಿನಲ್ಲಿ ಯಾರೂ ಮಾತಾಡುವುದಿಲ್ಲ. ಸುರಪುರದ ಬಸ್ಸಿನಲ್ಲಿ ಪಕ್ಕದವರ ಮಗಳ ಮದುವೆ ಎಲ್ಲಿಗೆ ಬಂತು ಎಂದು ಕೇಳಿಕೊಂಡು ಹೋಗುವವಳಿಗೆ ಅಲ್ಲಿ ಮೊದಲ ದಿನವೇ ಕಿವಿ ಹಸಿಯಿತು. ಆದರೆ ನಾನು ಸೇರಿದ ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ ಒಂದು ಪದ್ಧತಿ ಇಷ್ಟವಾಯಿತು. ಸಂಜೆ ಯಾರು ಮನೆಗೆ ಹೊರಟರೂ ಉಳಿದವರು ತಲೆಬಾಗಿ “ದಣಿದಿರಿ” ಎಂಬರ್ಥದ ಒಂದು ಮಾತು ಹೇಳುತ್ತಾರೆ. ಹೊಲದಿಂದ ಬಂದವರಿಗೆ ನಮ್ಮಲ್ಲಿ “ದಣದೀರಿ, ಕುಂದರ್ರಿ” ಅನ್ನುವುದಿಲ್ಲವೇ, ಹಾಗೆ. ನಮ್ಮವರು ಬಂದವರಿಗೆ ಹೇಳುತ್ತಾರೆ, ಅವರು ಹೊರಟವರಿಗೆ.

ನನಗೆ ಕೆಲಸ ಕಲಿಸಿದವಳು ಹರುಮಿ. ಇಪ್ಪತ್ತೇಳರ ಹುಡುಗಿ, ಡಾಕ್ಟರೇಟಿಗೆ ಓದುತ್ತಿದ್ದಳು. ನಮ್ಮ ಲಕಾರ ಅವರ ನಾಲಿಗೆಗೆ ಹತ್ತುವುದಿಲ್ಲ. ಮಲ್ಲಮ್ಮ ಎಂದು ಹೋದ ನಾನು ಒಂದೇ ವಾರದಲ್ಲಿ ಮಾರಮ್ಮನಾದೆ, ಗೌರವದ ‘ಸಾನ್’ ಸೇರಿಸಿದರೆ ಮಾರಮ್ಮಸಾನ್. ನಮ್ಮ ದೇಶದಲ್ಲಿ ಈ ಹೆಸರಿನ ದೇವಿಗೆ ಕುರಿ ಕೊಡುತ್ತಾರೆ ಎಂದು ಆಕೆಗೆ ಹೇಳಿದೆ. ಹರುಮಿ ಸ್ವಲ್ಪ ಯೋಚಿಸಿ, “ನಮ್ಮಲ್ಲಿ ಇಲಿ ಅಷ್ಟೇ ಅದಾವ. ನಡೀತದೇನು?” ಅಂದಳು. ಆಕೆ ಆಡುತ್ತಿದ್ದದ್ದು ಇಂಗ್ಲಿಷು, ಅವರಪ್ಪನದು ಜಪಾನಿ, ಅದನ್ನು ಆಕೆಯೇ ನನಗೆ ಬಿಡಿಸಿ ಹೇಳುತ್ತಿದ್ದಳು. ನಾನು ಎರಡನ್ನೂ ನಮ್ಮೂರ ಮಾತಿನಲ್ಲೇ ಬರೆಯುತ್ತೇನೆ. ನನ್ನ ಕಿವಿಗೆ ಅವು ಹಾಗೆಯೇ ಕೇಳಿಸಿದವು.

ಕೆಲಸ ಹೀಗೆ. ಇಲಿಯ ತೊಡೆಯ ಎಲುಬನ್ನು ತೆಗೆದು, ಎರಡೂ ತುದಿ ಕತ್ತರಿಸಿ, ಸೂಜಿಯಿಂದ ದ್ರವ ಹಾಯಿಸಿ ಒಳಗಿನ ಮಜ್ಜೆಯನ್ನು ತೊಳೆದು ತೆಗೆಯಬೇಕು. ಕಡ್ಡಿಯಷ್ಟು ಸಣ್ಣ ಎಲುಬು. ಉಳಿದ ವಿದ್ಯಾರ್ಥಿಗಳು ತಿಣುಕುತ್ತಿದ್ದರು; ಎಲ್ಲಿ ಕತ್ತರಿಸಿದರೆ ಎಲುಬು ಸೀಳುವುದಿಲ್ಲ ಎಂದು ನನ್ನ ಬೆರಳಿಗೆ ಗೊತ್ತಿತ್ತು. ಎಲ್ಲಿ ತರಬೇತಿ ಆಯಿತು ಎಂದು ಪ್ರೊಫೆಸರರು ಕೇಳಿದರು. ಊಟದ ತಟ್ಟೆಯ ಮುಂದೆ ಎಂದು ಹೇಳಲು ನಾಚಿಕೆಯಾಗಿ ಸುಮ್ಮನೆ ನಕ್ಕೆ.

ತೊಳೆದು ತೆಗೆದ ಮಜ್ಜೆಯನ್ನು ಆರಾರು ಗುಂಡಿಗಳಿರುವ ಪ್ಲಾಸ್ಟಿಕ್ ತಟ್ಟೆಗಳಲ್ಲಿ ಬಿಡುತ್ತಾರೆ. ತೇಲುವ ಜೀವಕೋಶಗಳನ್ನು ಚೆಲ್ಲಿ, ತಳಕ್ಕೆ ಅಂಟಿದವನ್ನು ಉಳಿಸಿಕೊಳ್ಳುತ್ತಾರೆ. ಅಂಟಿದವು ಸೂಕ್ಷ್ಮದರ್ಶಕದಲ್ಲಿ ಆಯಿ ಉಣ್ಣೆ ನೂಲುತ್ತಿದ್ದ ಕದಿರಿನಂತೆ ಕಾಣುತ್ತವೆ: ನಡು ದಪ್ಪ, ತುದಿ ಚೂಪು. ಅವಕ್ಕೆ ಒಂದು ನಸುಗೆಂಪು ದ್ರವವೇ ಆಹಾರ. ಅದರಲ್ಲಿ ನೀನಿನ್ನು ಲಿವರ್ ಆಗು ಎಂದು ಒಪ್ಪಿಸುವ ಪ್ರೋಟೀನುಗಳನ್ನು ಬೆರೆಸಿರುತ್ತಾರೆ. ಎರಡು ಮೂರು ದಿನಕ್ಕೊಮ್ಮೆ ಹಳೆಯದನ್ನು ತೆಗೆದು ಹೊಸದು ಹಾಕಬೇಕು. ಮೂರು ವಾರ ಹೀಗೆ ಸಾಕಿದರೆ ಕದಿರು ಅಗಲವಾಗುತ್ತದೆ, ಮೂಲೆಗಳು ಮೂಡುತ್ತವೆ, ಒಂದಕ್ಕೊಂದು ಕೂಡಿಕೊಂಡು ಪರ್ಸಿ ಕಲ್ಲು ಹಾಸಿದ ಅಂಗಳದಂತಾಗುತ್ತವೆ. ಲಿವರಿನ ಹಾಗೆ ಸಕ್ಕರೆಯನ್ನು ಕೂಡಿಡಲು ನಿಜವಾಗಿ ಕಲಿತಿದ್ದರೆ, ಕೊನೆಗೆ ಒಂದು ಬಣ್ಣ ಹಾಕಿದಾಗ ನೇರಳೆಗೆಂಪಾಗುತ್ತವೆ. ಲಿವರ್ ಕೆಟ್ಟವರಿಗೆ ಇದು ಯಾವಾಗ ಒದಗುತ್ತದೋ ಯಾರೂ ಹೇಳಲಾರರು. ಸದ್ಯಕ್ಕೆ ಇಲಿಯ ಮಜ್ಜೆ, ತಟ್ಟೆಯ ತಳ, ಮತ್ತು ಕಾಯುವುದು.

ಹರುಮಿಗೆ ಇದು ಮೂರನೆಯ ಸಲ. ಮೊದಲ ಸಲ ತಟ್ಟೆಗಳಿಗೆ ಬೂಸು ಹತ್ತಿತ್ತು. ಎರಡನೆಯ ಸಲ ಕದಿರು ಕದಿರಾಗಿಯೇ ಉಳಿಯಿತು. ಈ ಸಲವೂ ಆಗದಿದ್ದರೆ ಓದು ಬಿಟ್ಟು ಬಂದು ಗದ್ದೆ ನೋಡಿಕೊಳ್ಳುತ್ತೇನೆ ಎಂದು ಅಪ್ಪನಿಗೆ ಮಾತು ಕೊಟ್ಟಿದ್ದಳು. ಮೇ ತಿಂಗಳ ಆರಂಭದ ದೊಡ್ಡ ರಜೆ ಮುಗಿದ ಗುರುವಾರ ಪರೀಕ್ಷಕರ ಮುಂದೆ ಫಲ ತೋರಿಸಬೇಕಿತ್ತು. ಈ ಸಲ ನಾಲ್ಕೂ ತಟ್ಟೆಗಳಲ್ಲಿ ಪರ್ಸಿ ಹಾಸು ಕಾಣಿಸಿಕೊಂಡಿತ್ತು.

ರಜೆಯ ಮೊದಲ ದಿನ

ಆ ರಜೆಯಲ್ಲಿ ಅಲ್ಲಿ ಭತ್ತದ ನಾಟಿ. ಪಟ್ಟಣಕ್ಕೆ ಹೋದವರೆಲ್ಲ ಅದಕ್ಕಾಗಿ ಊರಿಗೆ ಮರಳುತ್ತಾರೆ. ಹರುಮಿಯೂ ಶನಿವಾರ ಬೆಳಿಗ್ಗೆ ಹೊರಟಳು. ನನ್ನ ಮುಂದೆ ಒಂದು ಚೀಟಿ ಇಟ್ಟಳು: ಇಂದು ಆಹಾರ ಬದಲಿಸು, ಗುಂಡಿಗೆ ಎರಡು ಮಿಲಿ. ಮತ್ತೆ ಮಂಗಳವಾರ, ಎರಡು ಮಿಲಿ.

“ನಾಳೆ ನೀವೂ ನಮ್ಮೂರಿಗೆ ಬರ್ರಿ. ನಾಟಿ ನೋಡಿ ಸೋಮವಾರ ಹೊಳ್ಳಿ ಹೋಗೀರಂತ,” ಅಂದಳು. ಬಾಗಿಲ ತನಕ ಹೋದವಳು ತಿರುಗಿ ಬಂದು ಪೆಟ್ಟಿಗೆಯ ಗಾಜಿನ ಬಾಗಿಲಲ್ಲಿ ತಟ್ಟೆಗಳನ್ನು ಇನ್ನೊಮ್ಮೆ ನೋಡಿದಳು.

“ಭರೋಸಾ ಇಲ್ಲೇನು?” ಅಂದೆ.

“ನಿಮ್ಮ ಮ್ಯಾಲೆ ಅದ. ಅವುಗಳ ಮ್ಯಾಲೆ ಇಲ್ಲ,” ಅಂದಳು.

ಮಧ್ಯಾಹ್ನ ಕೈ ತೊಳೆದು ಕುಳಿತೆ. ಪ್ರಯೋಗಾಲಯ ಖಾಲಿ. ಮೊದಲ ತಟ್ಟೆಯ ದ್ರವ ಹಳದಿಗೆ ತಿರುಗಿತ್ತು. ಕೋಶಗಳು ಚೆನ್ನಾಗಿ ಉಣ್ಣುತ್ತಿವೆ ಎಂಬುದಕ್ಕೆ ಅದು ಗುರುತು. ನನಗೆ ಮಾತ್ರ ಅದು ಹಸಿವಿನಂತೆ ಕಂಡಿತು. ಇನ್ನು ಮೂರು ದಿನ. ನಾಳೆ ನಾನು ಊರಲ್ಲಿರುವುದಿಲ್ಲ. ಹಿಂದಿರುಗುವ ರೈಲು ತಪ್ಪಿದರೆ? ಕೈಯಲ್ಲಿ ಬಾಟಲಿ ತುಂಬ ಆಹಾರವಿತ್ತು. ಕಾಲುವೆಯ ಕಟ್ಟಕಡೆಯ ಹೊಲದಲ್ಲಿ ಬೆಳೆದ ಕೈ ಅದು. ಎರಡು ಎಂದು ಬರೆದ ಕಡೆ ನಾನು ಗುಂಡಿಗೆ ಐದು ಮಿಲಿ ಹಾಕಿದೆ. ಕಣ್ಣುತಪ್ಪಿ ಹಾಕಿದ್ದಲ್ಲ. ದ್ರವ ಅಳೆಯುವ ಪಿಪೆಟ್ಟಿನ ಗೆರೆ ನೋಡಿ, ಎಣಿಸಿ, ಪ್ರೀತಿಯಿಂದ ಹಾಕಿದ್ದು.

ಮೂರು ತಟ್ಟೆ ಮುಗಿದು ನಾಲ್ಕನೆಯದಕ್ಕೆ ಬಂದಾಗ ಬಾಟಲಿ ತಳ ಕಂಡಿತು. ಉಳಿದದ್ದನ್ನು ಆರು ಗುಂಡಿಗಳಿಗೂ ಹಂಚಿದೆ. ಒಂದೊಂದಕ್ಕೆ ಎಷ್ಟು ಬಂತೋ ನೋಡಲಿಲ್ಲ. ಬಹಳ ಕೆಡುಕೆನಿಸಿತು. ನಮ್ಮ ಹೊಲದ್ದೇ ಹಣೆಬರಹ ನಿನ್ನದೂ, ಮಂಗಳವಾರ ಹೊಸದು ಬೆರೆಸಿ ನಿನಗೇ ಮೊದಲು ಕೊಡುತ್ತೇನೆ ಎಂದು ಆ ತಟ್ಟೆಗೆ ಹೇಳಿ ಪೆಟ್ಟಿಗೆ ಮುಚ್ಚಿದೆ.

ಹರುಮಿಯ ಊರು

ಭಾನುವಾರ ಕಿಟಕಿಯ ಎರಡೂ ಬದಿಗೆ ನೀರೇ ನೀರು. ಗದ್ದೆ ಮುಗಿದು ಆಕಾಶ ಎಲ್ಲಿ ಶುರುವಾಯಿತೆಂದು ತಿಳಿಯದು. ನಮ್ಮ ಕಾಲುವೆಯನ್ನು ನೋಡಿದವಳಿಗೆ ಮೊದಲು ಹೊಟ್ಟೆಕಿಚ್ಚಾಯಿತು, ಆಮೇಲೆ ಅನುಮಾನ: ಇಲ್ಲಿ ಕಟ್ಟಕಡೆಯವರು ಯಾರು?

ಹರುಮಿಯ ಅಪ್ಪ ಕುಳ್ಳಗೆ, ಬಿಸಿಲಿಗೆ ಸುಟ್ಟ ಮುಖ, ಮಾತು ಕಡಿಮೆ. ಮುತ್ಯಾನ ಕಂಬಳಿಯನ್ನು ಕಾಣಿಕೆಯಾಗಿ ಕೊಟ್ಟೆ. ಮೂಸಿ ನೋಡಿ, “ಕುರಿ,” ಅಂದರು. ತಕ್ಷಣ ಹೆಗಲಿಗೆ ಹಾಕಿಕೊಂಡರು. ಆ ಸಂಜೆ ಬಟ್ಟಲು ಖಾಲಿಯಾದಂತೆಲ್ಲ ಅನ್ನ ತುಂಬಿದರು. ಮೂರನೆಯ ಸಲ ನಾನು ಬಟ್ಟಲಿಗೆ ಕೈ ಅಡ್ಡ ಹಿಡಿದು “ಸಾಕು ಸಾಕು” ಅಂದೆ. ಹರುಮಿಗೆ ಆ ಮಾತು ಹಿಡಿಸಿತು. ಬರೆದು ತೋರಿಸು ಎಂದಳು. ಕಾಗದದ ಕರವಸ್ತ್ರದ ಮೇಲೆ ಬರೆದು ಕೊಟ್ಟೆ.

ಸೋಮವಾರ ಬೆಳಿಗ್ಗೆ ಅಪ್ಪ ನಾಟಿಯ ಯಂತ್ರ ಓಡಿಸಿದರು. ಯಂತ್ರ ತಿರುಗಲಾರದ ಮೂಲೆಗಳಲ್ಲಿ ಹರುಮಿ ಮತ್ತು ನಾನು ಕೈಯಿಂದ ಸಸಿ ಊರಿದೆವು. ಕೆಸರಿನಲ್ಲಿ ನನ್ನ ಒಂದು ಬೂಟು ಹೂತುಹೋಗಿ, ಅದನ್ನು ಎಳೆಯಲು ಹೋಗಿ ಕುಳಿತುಬಿಟ್ಟೆ. ಹರುಮಿ ನಗುತ್ತ ನಿಂತಳು. ಆ ನಗುವಿನ ನಡುವೆಯೇ ಅಪ್ಪ ಆಚೆಯ ಗದ್ದೆಯಿಂದ ಕೂಗಿದರು. ಹಿಂದಿನ ದಿನ ನಾಟಿಯಾದ ಗದ್ದೆ ಅದು. ನೀರು ಹೊರಹೋಗುವ ಬಾಯಿಗೆ ಅಲ್ಲಿ ಮರದ ಹಲಗೆ ಇಟ್ಟಿರುತ್ತಾರೆ. ಹಲಗೆ ಎತ್ತರಿಸಿದರೆ ನೀರು ಏರುತ್ತದೆ, ತೆಗೆದರೆ ಇಳಿಯುತ್ತದೆ. ಹರುಮಿ ಒಂದು ಹಲಗೆ ಹೆಚ್ಚು ಇಟ್ಟಿದ್ದಳು.

“ಯಾರು ಇಟ್ಟವ್ರು ಇದನ್ನ?”

“ನಾ ಇಟ್ಟೀನಿ. ನೀರು ಕಡಿಮಿ ಬೀಳಬಾರದಂತ.”

“ಸಸಿ ತುದಿ ಮುಳುಗ್ಯಾವ ನೋಡು. ಉಣ್ಣಾಕ ಹಾಕಿದ್ರ ಆತೇನು? ಅವು ಉಸಿರಾಡೂದು ಬ್ಯಾಡೇನು?”

ಹಲಗೆ ಎತ್ತಿದರು. ನೀರು ಸದ್ದು ಮಾಡುತ್ತ ಹೊರಬಿತ್ತು. ಸಣ್ಣ ಹಸಿರು ತುದಿಗಳು ಒಂದೊಂದಾಗಿ ಮೇಲೆ ಬಂದವು.

ನಾನು ಕೆಸರಿನಲ್ಲಿ ಒಂದು ಬೂಟು ಕೈಯಲ್ಲಿ ಹಿಡಿದು ನಿಂತಿದ್ದೆ. ತರಗತಿಯಲ್ಲಿ ನಾನೇ ಎಷ್ಟು ಸಲ ಹೇಳಿದ್ದೇನೆ, ಮೈಯಲ್ಲಿ ಲಿವರಿನಷ್ಟು ದುಡಿಯುವ ಅಂಗ ಇನ್ನೊಂದಿಲ್ಲ, ಅದಕ್ಕೆ ಗಾಳಿಯೂ ಅಷ್ಟೇ ಬೇಕು ಎಂದು. ತಟ್ಟೆಯ ತಳದಲ್ಲಿ ಕುಳಿತ ಕೋಶಕ್ಕೆ ಉಸಿರು ಇಳಿದು ಬರಬೇಕಾದದ್ದು ಮೇಲಿನ ದ್ರವದ ಮೂಲಕ. ದ್ರವ ತೆಳುವಿದ್ದರೆ ಮುಟ್ಟುತ್ತದೆ. ನಾನು ಎರಡೂವರೆ ಪಟ್ಟು ಎತ್ತರಿಸಿ ಬಂದಿದ್ದೆ. ಎರಡು ದಿನವಾಗಿತ್ತು.

ಹಿಂದಿರುಗಿ ಮನೆಯ ಜಗುಲಿಯಲ್ಲಿ ಕುಳಿತೆವು. ಚಹಾ ಬಂತು. ಈಗ ಹೇಳದೆ ಸುಮ್ಮನಿದ್ದು, ಮಧ್ಯಾಹ್ನದ ರೈಲಿಗೆ ಒಬ್ಬಳೇ ಹೋಗಿ, ದ್ರವ ತೆಗೆದು ಸರಿಮಾಡಿಬಿಡಬಹುದು. ಸತ್ತಿದ್ದರೆ ತಾವಾಗಿ ಸತ್ತವು ಅನ್ನಬಹುದು. ಮೊದಲೂ ಎರಡು ಸಲ ಕೆಟ್ಟಿವೆಯಲ್ಲ. ಚಹಾದ ಬಟ್ಟಲು ಅರ್ಧವಾಗುವ ತನಕ ಈ ಮಾತು ನನ್ನೊಳಗೆ ಓಡಾಡಿತು. ಎದುರಿಗೆ ಅವರಪ್ಪ ಮುತ್ಯಾನ ಕಂಬಳಿ ಹೊದ್ದು ಕುಳಿತಿದ್ದರು.

“ಹರುಮಿ, ನಾ ಐದು ಹಾಕೀನಿ,” ಅಂದೆ.

ಆಕೆಗೆ ಮೊದಲು ತಿಳಿಯಲಿಲ್ಲ. ತಿಳಿದ ಮೇಲೆ ಎದ್ದು ಒಳಗೆ ಹೋದಳು. ಚೀಲ ಹಿಡಿದು ಬಂದಳು. ಅವರಪ್ಪ ಏನಾಯಿತೆಂದು ಕೇಳಿದರು. ಆಕೆ ಒಂದೇ ಸಾಲಿನಲ್ಲಿ ಹೇಳಿದಳು. ಅವರು ನನ್ನನ್ನು ನೋಡಿದರು, ಆಮೇಲೆ ಗದ್ದೆಯ ಕಡೆ ನೋಡಿದರು, ಬೀಗದ ಕೈ ತೆಗೆದುಕೊಂಡು ನಮ್ಮನ್ನು ಸ್ಟೇಷನ್ನಿಗೆ ಬಿಡಲು ಗಾಡಿ ಹತ್ತಿದರು.

ರೈಲಿನಲ್ಲಿ

ಒಂದು ಗಂಟೆಯ ದಾರಿ. ಹರುಮಿ ಕಿಟಕಿಗೆ ಹಣೆ ಹಚ್ಚಿ ಕುಳಿತಿದ್ದಳು. ಮೂರು ಸ್ಟೇಷನ್ ಆದ ಮೇಲೆ ಕೇಳಿದಳು:

“ನಾಕಕ್ಕೂ ಹಾಕೀರೇನು?”

“ಮೂರಕ್ಕ. ನಾಕನೇದಕ್ಕ ಸಾಲಲಿಲ್ಲ.”

ತಲೆ ಎತ್ತಿದಳು. “ಅದಕ್ಕ ಎಷ್ಟು ಬಿತ್ತು?”

“ನೋಡಲಿಲ್ಲ. ಎರಡೋ, ಒಂದೋ.”

“ಒಂದು ಆಗಿದ್ರ ಒಣಗಿರ್ತಾವ.”

“ಹೌದು.”

“ಎರಡು ಆಗಿದ್ರ...” ಅಂದು ಅಲ್ಲಿಗೇ ಬಿಟ್ಟಳು. ಮಡಿಲಿನಲ್ಲಿದ್ದ ಎರಡು ಕೈಗಳನ್ನು ಒಂದರೊಳಗೊಂದು ಹಿಡಿದುಕೊಂಡಳು. ಉಗುರಿನಲ್ಲಿ ಇನ್ನೂ ಕೆಸರಿತ್ತು. ಬೈಯುತ್ತಾಳೆ ಎಂದು ಕಾದೆ. ನಮ್ಮೂರಲ್ಲಾಗಿದ್ದರೆ ಇಷ್ಟೊತ್ತಿಗೆ ನನ್ನ ಏಳು ತಲೆಮಾರನ್ನು ಜಾಲಾಡಿ, ಅತ್ತು, ಮೂಗು ಒರೆಸಿಕೊಂಡು, ಶೇಂಗಾ ಕೊಟ್ಟು ತಿನ್ನು ಅನ್ನುತ್ತಿದ್ದರು. ಆಕೆ ಬೈಯಲಿಲ್ಲ.

ಪೆಟ್ಟಿಗೆಯ ಮುಂದೆ

ಮೊದಲ ತಟ್ಟೆಯನ್ನು ಹರುಮಿ ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದಳು, ಎದ್ದು ನನಗೆ ಜಾಗ ಕೊಟ್ಟಳು. ಪರ್ಸಿ ಅಂಗಳ ಕಿತ್ತುಹೋಗಿತ್ತು. ಕೋಶಗಳು ದುಂಡಗಾಗಿ ಕಳಚಿ, ತೂರಿದ ಹೊಟ್ಟಿನಂತೆ ದ್ರವದಲ್ಲಿ ತೇಲುತ್ತಿದ್ದವು. ತಳದಲ್ಲಿ ಅಲ್ಲಲ್ಲಿ ಕೆಲವು ಕದಿರುಗಳು ಉಳಿದಿದ್ದವು. ಬದಲಾಗಲು ಒಪ್ಪದೆ ಹಟ ಹಿಡಿದವೇ ಬದುಕಿದ್ದವು. ಹೇಳಿದ ಮಾತು ಕೇಳಿ ನಿಜವಾಗಿ ಲಿವರ್ ಆಗಿದ್ದವೇ ಮೊದಲು ಸತ್ತಿದ್ದವು. ಎರಡನೆಯ ತಟ್ಟೆ ಹಾಗೇ. ಮೂರನೆಯದೂ ಹಾಗೇ.

ನಾಲ್ಕನೆಯದನ್ನು ಆಕೆ ಎತ್ತಿದಳು. ನನ್ನ ಕಡೆ ಚಾಚಿ, “ನೀವು ಇಡ್ರಿ,” ಅಂದಳು. ಇಟ್ಟೆ. ಕಣ್ಣು ಹಚ್ಚಲು ಧೈರ್ಯ ಬರಲಿಲ್ಲ. ಆಕೆಯೇ ಬಾಗಿದಳು. ಬಹಳ ಹೊತ್ತು ಬಾಗಿಯೇ ಇದ್ದಳು. ಒಂದನೆಯ ಗುಂಡಿ, ಎರಡನೆಯದು, ಹೀಗೆ ಆರನ್ನೂ ಸರಿಸಿ ನೋಡಿದಳು.

“ಮಾರಮ್ಮಸಾನ್,” ಅಂದಳು, ಕಣ್ಣು ತೆಗೆಯದೆ, “ಇವು ಅದಾವ.”

ಅಂಚಿನಿಂದ ಅಂಚಿಗೆ ಪರ್ಸಿ ಹಾಸಿತ್ತು. ನೀರು ಮುಟ್ಟಲಿಲ್ಲವೆಂದು ನಾನು ಮರುಗಿದ ತಟ್ಟೆ ಅದು.

ಹರುಮಿ ದಾಖಲೆ ಪುಸ್ತಕ ತೆರೆದು, ಶನಿವಾರದ ಪುಟವನ್ನು ನನ್ನ ಮುಂದೆ ಸರಿಸಿದಳು. ಮಾಡಿದವರೇ ಬರೆಯಬೇಕು ಎಂಬುದು ಅಲ್ಲಿಯ ಕ್ರಮ. ಗುಂಡಿಗೆ ಎರಡರ ಬದಲು ಐದು ಮಿಲಿ, ತಿಳಿದು ಹಾಕಿದ್ದು, ಎಂದು ಬರೆದು ಹೆಸರು ಹಾಕಿದೆ. ಅಂದು ಸಂಜೆ ನಾನು ಹೊರಟಾಗ ಆಕೆ “ದಣಿದಿರಿ” ಅನ್ನಲಿಲ್ಲ.

ವಸತಿಗೃಹದಿಂದ ಮುತ್ಯಾನಿಗೆ ಫೋನ್ ಮಾಡಿದೆ. ಅಲ್ಲಿ ಇನ್ನೂ ಮಧ್ಯಾಹ್ನ. ಹಿಂದೆ ಕುರಿಗಳ ಸದ್ದು ಕೇಳುತ್ತಿತ್ತು.

“ನೀರು ಜಾಸ್ತಿ ಹಾಕಿ ಕೆಡಿಸಿದೆ ಮುತ್ಯಾ.”

“ಯಾರದು?”

“ಇಲ್ಲಿ ಒಬ್ಬಾಕಿ ಹುಡುಗೀದು. ಐದು ವರ್ಷದ ಓದು ಅಕಿದು. ಬಂದಾಗ ತುಂಬಿಕೋ ಅಂತ ನೀ ಹೇಳಿದ್ದಿ.”

“ಅಕಿ ಬೈದ್ಳೇನು?”

“ಇಲ್ಲ.”

“ಬೈದಿದ್ರ ಚಲೋ ಇತ್ತು. ಬೈಯೂ ತನಕ ಅಲ್ಲೇ ನಿಂದರು. ಮುಖ ತಪ್ಪಿಸಿ ಓಡಿ ಬರಬ್ಯಾಡ.”

ಕಲ್ಲಿನ ಮುಂದೆ

ಗುರುವಾರ ಮೂವರು ಪರೀಕ್ಷಕರು ಬಂದರು. ನಾಲ್ಕನೆಯ ತಟ್ಟೆಗೆ ಬಣ್ಣ ಹಾಕಿದ್ದಾಗಿತ್ತು. ನೇರಳೆಗೆಂಪು ಒಡೆದು ಕಾಣುತ್ತಿತ್ತು. ಹರುಮಿ ಅದರ ಪಕ್ಕದಲ್ಲಿ ಸತ್ತ ಮೂರನ್ನೂ ಇಟ್ಟಿದ್ದಳು. ಇವು ಏನು ಎಂದು ಹಿರಿಯರೊಬ್ಬರು ಕೇಳಿದರು. ಆಕೆ ಬಾಯಿ ತೆರೆಯುವ ಮೊದಲು ನಾನು ಎದ್ದು ನಿಂತೆ. ಕಾಲುವೆಯ ಮಾತು ಹೇಳಲಿಲ್ಲ, ಮುತ್ಯಾನ ಮಾತೂ ಹೇಳಲಿಲ್ಲ. ಹಾಕಿದವಳು ನಾನು, ಎಷ್ಟೆಂದು ಬರೆದಿತ್ತು, ಎಷ್ಟು ಹಾಕಿದೆ, ಅಷ್ಟೇ ಹೇಳಿದೆ. ಅವರು ಕಾಗದದ ಮೇಲೆ ಏನೋ ಗೀಚಿದರು. ಹೊರಗೆ ಕಾಯಲು ಹೇಳಿದರು.

ನಾವು ಹೊರಗಿನ ಓಣಿಯಲ್ಲಿ ಗೋಡೆಗೆ ಒರಗಿ ನಿಂತೆವು. ಕೊನೆಗೆ ಪ್ರೊಫೆಸರರು ಬಂದು ಹೇಳಿದರು: ಆರು ಗುಂಡಿ ಸಾಲದು, ತಳ್ಳಿಹಾಕುವಂತೆಯೂ ಇಲ್ಲ. ಶರತ್ಕಾಲದೊಳಗೆ ಇದನ್ನೇ ಇನ್ನೆರಡು ಸಲ ಮಾಡಿ ತೋರಿಸು.

ಹರುಮಿ ತಲೆಬಾಗಿದಳು. ಆಮೇಲೆ ನನ್ನನ್ನು ಕಟ್ಟಡದ ಹಿಂದಕ್ಕೆ ಕರೆದೊಯ್ದಳು. ಅಲ್ಲಿ ಮರದ ಕೆಳಗೆ ಎದೆಮಟ್ಟದ ಒಂದು ಕಲ್ಲು. ಪ್ರಯೋಗಕ್ಕಾಗಿ ಕೊಂದ ಪ್ರಾಣಿಗಳ ನೆನಪಿಗೆ ಹಾಕಿದ್ದು. ವರ್ಷಕ್ಕೊಮ್ಮೆ ಎಲ್ಲರೂ ಬಂದು ಹೂವಿಟ್ಟು ಕೈಮುಗಿಯುತ್ತಾರಂತೆ. ಹರುಮಿ ಬಾಟಲಿಯ ನೀರನ್ನು ಕಲ್ಲಿನ ತಲೆಗೆ ಹನಿಸಿದಳು. ಕುರಿಗಾರರ ಮನೆಯವಳಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಕೊಯ್ದದ್ದು ಕೆಡಬಾರದು ಎನ್ನುತ್ತಿದ್ದಳು ಆಯಿ; ಕುರಿ ಕೊಯ್ದ ದಿನ ಕೊಂಬು, ಚರ್ಮ, ನೆಣ ಒಂದನ್ನೂ ಚೆಲ್ಲಗೊಡುತ್ತಿರಲಿಲ್ಲ. ನಾನು ಮೂರು ತಟ್ಟೆ ಕೆಡಿಸಿ ಆ ಕಲ್ಲಿನ ಮುಂದೆ ನಿಂತಿದ್ದೆ. ಅವರ ಭಾಷೆಯಲ್ಲಿ ಕ್ಷಮೆಗೆ ನಾಲ್ಕು ಮಾತು ಕಲಿತಿದ್ದೆ. ಒಂದೂ ಬರಲಿಲ್ಲ. “ತಪ್ಪಾತು,” ಅಂದೆ.

“ನಂಗ ನಿಮ್ಮ ಮ್ಯಾಲೆ ಭಾಳ ಸಿಟ್ಟು ಬಂದಿತ್ತು,” ಅಂದಳು ಹರುಮಿ, ಕಲ್ಲನ್ನು ನೋಡುತ್ತ. “ಇನ್ನೂ ಅದ. ನಮ್ಮಪ್ಪ ಫೋನ್ ಮಾಡಿದ್ದ. ಅಲ್ಲೇ ಮುಚ್ಚಿಡಬಹುದಿತ್ತು, ಚಹಾ ಅರ್ಧಕ್ಕ ಬಿಟ್ಟು ಹೇಳ್ಯಾಳ, ಅಂದ.”

“ನೀ ಓದು ಬಿಟ್ಟು ಊರಿಗೆ ಹೋಗ್ತೀಯೇನು?”

“ನಾಳೆ ಹೊಸ ಎಲುಬು ಅದಾವ. ನೀವು ಕತ್ತರಸ್ರಿ. ಆಹಾರ ನಾ ಹಾಕ್ತೀನಿ.”

ಉಳಿದ ಒಂದೂವರೆ ತಿಂಗಳು ಹಾಗೇ ಆಯಿತು. ಬಾಟಲಿ ಮುಟ್ಟುವ ಕೆಲಸ ನನಗೆ ಮತ್ತೆ ಸಿಗಲಿಲ್ಲ, ಕೇಳಲೂ ಇಲ್ಲ. ಒಂದು ವಾರವಾದ ಮೇಲೆ ಸಂಜೆ ಬಾಗಿಲು ದಾಟುವಾಗ ಹಿಂದಿನಿಂದ “ದಣಿದಿರಿ” ಎಂದು ಕೇಳಿಸಿತು. ತಿರುಗಿ ನೋಡುವಷ್ಟರಲ್ಲಿ ಆಕೆ ಸೂಕ್ಷ್ಮದರ್ಶಕಕ್ಕೆ ಬಾಗಿದ್ದಳು.

ಕಟ್ಟಕಡೆಯ ಹೊಲ

ಊರಿಗೆ ಬಂದ ಮೇಲೆ ಮುತ್ಯಾ ಜಪಾನಿನ ಬಗ್ಗೆ ಬೇರೇನೂ ಕೇಳಲಿಲ್ಲ. ಭಾನುವಾರ ಹೋದಾಗಲೆಲ್ಲ ಒಂದೇ ಮಾತು: “ಆ ಹುಡುಗೀದು ಏನಾತು?” ಇನ್ನೂ ಇಲ್ಲ ಅನ್ನುತ್ತಿದ್ದೆ. ಎದ್ದು ಕುರಿಗಳ ಕಡೆ ಹೋಗುತ್ತಿದ್ದ.

ದಸರೆಯ ಹೊತ್ತಿಗೆ ಒಂದು ಭಾನುವಾರ ಹರುಮಿಯಿಂದ ಮೊಬೈಲಿಗೆ ಎರಡು ಚಿತ್ರ ಬಂದವು. ಅಂದು ಚಾಲು ದಿನ. ಮುತ್ಯಾ ಸಲಿಕೆ ಹಿಡಿದು ಹೊಲದ ಬದುವಿನ ಮೇಲಿದ್ದ. ನೀರು ಒಳ್ಳೆಯ ಭರದಲ್ಲಿ ಒಳಗೆ ಬರುತ್ತಿತ್ತು. ಮೊದಲ ಚಿತ್ರ ತೋರಿಸಿದೆ: ಗುಂಡಿ ಗುಂಡಿಯಲ್ಲೂ ನೇರಳೆಗೆಂಪು.

“ಪಾಸಾದ್ಳೇನು?”

“ಆದ್ಳು ಮುತ್ಯಾ.”

ಮೊಬೈಲನ್ನು ಬಿಸಿಲಿಗೆ ಮರೆಮಾಡಿ ಹಿಡಿದು ನೋಡಿದ. “ಇದೇ ಏನು ಕಲೀಜಿ? ನಳ್ಳಿಯಿಂದ ಬಂದದ್ದು?”

“ಇದೇ.”

“ಅಂದ್ರ ನೀ ಸುಳ್ಳು ಹೇಳಿರಲಿಲ್ಲ.”

ಎರಡನೆಯ ಚಿತ್ರ ಒಂದು ಪಿಪೆಟ್ಟಿನದು. ಎರಡು ಮಿಲಿಯ ಮಟ್ಟದಲ್ಲಿ ಕಪ್ಪು ಶಾಯಿಯ ಗೆರೆ. ಗೆರೆಯ ಪಕ್ಕ ಅಂಟಿಸಿದ ಚೀಟಿಯಲ್ಲಿ ಸೊಟ್ಟ ಸೊಟ್ಟ ಕನ್ನಡದಲ್ಲಿ ‘ಸಾಕು’.

“ಈ ಗೆರಿ ಏನು?”

“ಇದರ ಮ್ಯಾಲೆ ಹಾಕಬಾರದಂತ ಗುರುತು.”

ಮುತ್ಯಾ ಮೊಬೈಲನ್ನು ನನಗೆ ಕೊಟ್ಟ. ಕೆಳಮೂಲೆಯ ಬಿಳಿ ಸವಳನ್ನು ನೋಡಿದ, ಅಲ್ಲಿ ಕಟ್ಟಿದ ಚಪ್ಪಲಿಯನ್ನು ನೋಡಿದ. ನೀರು ಹತ್ತಿಯ ಬುಡ ತೋಯಿಸಿ ಆ ಮೂಲೆಗೆ ಇನ್ನೂ ಹತ್ತು ಹೆಜ್ಜೆ ದೂರವಿತ್ತು. ಸಲಿಕೆ ತುಂಬ ಮಣ್ಣು ಎತ್ತಿ ನೀರಿನ ಬಾಯಿಗೆ ಹಾಕಿದ. ಇನ್ನೊಂದು ಸಲಿಕೆ ಹಾಕಿದ.

“ಇನ್ನ ನೀರು ಬರಾಕತ್ತದ ಮುತ್ಯಾ.”

“ಕಾಣ್ತದ,” ಅಂದ. ಮೂರನೆಯ ಸಲಿಕೆ ಹಾಕಿ, ಮೇಲೆ ಕಾಲಿಟ್ಟು ತುಳಿದ.